ಹಾಲಿನ ಕಾರ್ಖಾನೆಗೆ ಸಣ್ಣಪುಟ್ಟ ತಿದ್ದುಪಡಿ

ಒಂದೇ ಒಂದು ಪದ ತಿದ್ದೋಣ ಅಂತ ಕೂತಾಗಲೆಲ್ಲ ನನಗೆ ಏನಾದರೊಂದು ಎಡವಟ್ಟು ಕಾದೇ ಇರುತ್ತದೆ. ನೂರು ಪುಟ ಬರೆದಾಗ ಏನೂ ಆಗುವುದಿಲ್ಲ. ಸಣ್ಣದು ತಾನೇ, ಎರಡು ನಿಮಿಷದ ಕೆಲಸ ಅಂತ ಕೈ ಹಾಕಿದೆನೋ, ಅವತ್ತು ಮಧ್ಯಾಹ್ನದ ಊಟ ಇಲ್ಲ ಅಂತಲೇ ಲೆಕ್ಕ.

ನನ್ನ ಕೆಲಸ ಇದ್ದದ್ದು ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಕಾರ್ಖಾನೆಗಳಿಗೆ ಸೂಚನಾ ಹಾಳೆ ಬರೆದುಕೊಡುವ ಆಫೀಸು ನಮ್ಮದು. ಮೊದಲು ಯಾವ ಸ್ವಿಚ್ಚು ಒತ್ತಬೇಕು, ಆಮೇಲೆ ಯಾವ ಕೊಳಾಯಿ ತಿರುಗಿಸಬೇಕು, ಯಾವುದನ್ನು ಮುಟ್ಟಲೇಬಾರದು ಅಂತ ಕನ್ನಡದಲ್ಲಿ ಬರೆದ ಆ ಹಾಳೆ ಯಂತ್ರದ ಪಕ್ಕದ ಗೋಡೆಯ ಮೇಲೆ ತೂಗುತ್ತದೆ. ಕೆಲಸಗಾರರು ಅದರಲ್ಲಿ ಇದ್ದಂತೆ ಮಾಡುತ್ತಾರೆ. ನಾವು ಒಂದು ಪದ ಬದಲಾಯಿಸಿದರೆ ಮಾರನೆಯ ದಿನ ಅಲ್ಲಿ ಒಬ್ಬ ಮನುಷ್ಯನ ಕೈ ಬೇರೆ ಕಡೆ ಹೋಗುತ್ತದೆ. ಇದು ನೆನಪಾದಾಗಲೆಲ್ಲ ನಾನು ಬರೆದದ್ದನ್ನು ಮತ್ತೊಮ್ಮೆ ಓದುತ್ತಿದ್ದೆ.

ನಮ್ಮ ಅನ್ನದ ತಟ್ಟೆ ಊರಾಚೆಯ ಒಂದು ಹಾಲಿನ ಕಾರ್ಖಾನೆ. ಉಳಿದ ಗಿರಾಕಿಗಳೆಲ್ಲ ಉಪ್ಪಿನಕಾಯಿಯ ಹಾಗೆ, ಪಕ್ಕಕ್ಕಿದ್ದರು ಅಷ್ಟೆ. ಹಾಲಿನವರು ಕೈಬಿಟ್ಟರೆ ಆಫೀಸಿನ ಒಂಬತ್ತು ಜನವೂ ಮನೆಗೆ. ಆ ಹಾಳೆಗಳ ಪೂರ್ತಿ ಜವಾಬ್ದಾರಿ ನನ್ನದು. ಹಾಗಾಗಿ ಒಂಬತ್ತು ಮನೆಯ ಒಲೆ ನನ್ನ ಮೇಜಿನ ಮೇಲೆ ಉರಿಯುತ್ತಿದೆ ಅಂತ ನಮ್ಮ ಆಫೀಸಿನ ಯಜಮಾನರು ವಾರಕ್ಕೊಮ್ಮೆ ನೆನಪಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಆಫೀಸಿನಲ್ಲಿ ಹೆಸರಿತ್ತು. ಒಲೆಯ ಪಕ್ಕ ಕೂತವರಿಗೆ ತಣ್ಣಗಿರಿ ಅಂದರೆ ಹೇಗೆ ಇರುತ್ತಾರೆ?

ಒಗ್ಗರಣೆ

ಇದು ಕಂಪ್ಯೂಟರ್ ಬರುವುದಕ್ಕೂ ಮೊದಲಿನ ಮಾತು. ನಾನು ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆಗ ತಿದ್ದುಪಡಿ ಅಂದರೆ ಟೈಪು ಮಾಡಿದ ಚೀಟಿಯನ್ನು ಕತ್ತರಿಸಿ ಹಳೆಯ ಸಾಲಿನ ಮೇಲೆ ಅಂಟಿಸುವುದು. ಒಂದು ಹಾಳೆಯಲ್ಲಿ ಟ್ಯಾಂಕನ್ನು ತಣ್ಣೀರಿನಲ್ಲಿ ತೊಳೆಯಿರಿ ಅಂತಿತ್ತು. ಅದು ಬಿಸಿನೀರು ಆಗಬೇಕಿತ್ತು. ಚೀಟಿ ತಯಾರಾಯಿತು, ಆದರೆ ಗೋಂದು ಮುಗಿದಿತ್ತು. ಕಾರ್ಖಾನೆಯ ಜೀಪು ಕೆಳಗೆ ಹಾರ್ನ್ ಮಾಡುತ್ತಿತ್ತು. ನನ್ನ ಡಬ್ಬಿಯಲ್ಲಿ ನಾಲ್ಕು ತುತ್ತು ಅನ್ನ ಉಳಿದಿತ್ತು. ನಮ್ಮಮ್ಮ ಲಗ್ನಪತ್ರಿಕೆಯ ಕವರನ್ನೆಲ್ಲ ಅನ್ನದಲ್ಲೇ ಅಂಟಿಸುತ್ತಿದ್ದವರು. ನಾನೂ ಎರಡು ಅಗುಳು ಉಜ್ಜಿ, ಚೀಟಿ ಅಂಟಿಸಿ, ಕಳಿಸಿಬಿಟ್ಟೆ.

ಐದನೆಯ ದಿನ ಕಾರ್ಖಾನೆಯಿಂದ ಫೋನು. "ಏನ್ರೀ ಇದು? ಮೊನ್ನೆ ತನಕ ಗೋಡೆ ಮೇಲೆ ಬಿಸಿನೀರು ಅಂತಿತ್ತು, ಇವತ್ತು ತಣ್ಣೀರು ಅಂತಿದೆ. ರಾತ್ರೋರಾತ್ರಿ ಬಂದು ಬದಲಾಯಿಸಿದ್ರಾ?"

ಯಜಮಾನರ ಮುಖ ಬಿಳಿಚಿಕೊಂಡಿತು. ಒಂದು ಟ್ಯಾಂಕು ತಣ್ಣೀರಲ್ಲಿ ತೊಳೆದಾಗಿತ್ತಂತೆ, ಪುಣ್ಯಕ್ಕೆ ಹಾಲು ತುಂಬಿರಲಿಲ್ಲ. ಇಬ್ಬರೂ ಬಸ್ಸು ಹತ್ತಿ ಹೋದೆವು. ದಾರಿಯುದ್ದಕ್ಕೂ, ಕೆಲಸ ಹೋಯಿತು, ಮನೆಯಲ್ಲಿ ಏನು ಹೇಳುವುದು ಅಂತ ನಾನು ಕಿಟಕಿಯ ಹೊರಗೆ ನೋಡುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅಲ್ಲಿ ಹಾಳೆ ಇಳಿಸಿ ನೋಡಿದರೆ ಚೀಟಿಯೇ ಇಲ್ಲ. ಅದಿದ್ದ ಜಾಗದ ಅಂಚಿನಲ್ಲಿ ಕಚ್ಚಿದ ಗುರುತು. ಹಿಂದಿನ ಗೋಡೆಯ ಬಿರುಕಿನಿಂದ ಒಂದು ಜಿರಳೆ ಮೀಸೆ ಅಲ್ಲಾಡಿಸುತ್ತಿತ್ತು.

ಯಜಮಾನರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. "ಯಾವುದರಲ್ಲಿ ಅಂಟಿಸಿದೆಯಮ್ಮಾ?"

ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ. "ಮೊಸರನ್ನದಲ್ಲಿ ಸಾರ್."

ಅವರು ನಿಟ್ಟುಸಿರು ಬಿಟ್ಟರು. "ಸಾಸಿವೆ, ಇಂಗು ಒಗ್ಗರಣೆ ಹಾಕಿ ಬಡಿಸಿದ್ರೆ ಅದು ತಾನೇ ಹೇಗೆ ಬಿಡುತ್ತೆ?"

ಉಪದೇಶ

ಎರಡು ಸಾವಿರದ ಎರಡೋ ಮೂರೋ ಇರಬೇಕು, ನಮ್ಮ ಆಫೀಸಿಗೆ ದಾಖಲೆ ನೋಡಿಕೊಳ್ಳುವ ಸಾಫ್ಟ್‌ವೇರ್ ಬಂತು. ಕಲಿಸಲು ಬಂದವರು ಎರಡು ವಿಷಯ ಹೇಳಿದರು. ಒಂದು, ದೊಡ್ಡ ಬದಲಾವಣೆಗೆ ಯಜಮಾನರ ಒಪ್ಪಿಗೆ ಬೇಕು, ಆದರೆ 'ಸಣ್ಣ ತಿದ್ದುಪಡಿ' ಅಂತ ಒಂದು ಗುಂಡಿ ಇದೆ, ಅದನ್ನು ಒತ್ತಿ ಆ ಸಾಲಿನಲ್ಲೇ ಪದ ಬದಲಾಯಿಸಿ ಉಳಿಸಬಹುದು. ಎರಡು, ಒಬ್ಬರು ತಿದ್ದಲು ತೆರೆದ ಹಾಳೆಯನ್ನು ಅವರೇ ಮುಚ್ಚುವ ತನಕ ಇನ್ನೊಬ್ಬರು ಮುಟ್ಟುವ ಹಾಗಿಲ್ಲ, ಬೀಗ ಬಿದ್ದಿರುತ್ತದೆ. ಮೊದಲನೆಯದು ಯಜಮಾನರಿಗೆ ತುಂಬಾ ಇಷ್ಟವಾಯಿತು. ಎರಡನೆಯದನ್ನು ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಒಂದು ಸಂಜೆ ಅವರು ಟ್ಯಾಂಕು ತೊಳೆಯುವ ಹಾಳೆಯನ್ನು ತೆರೆದು ಒಂದು ಪದ ತಿದ್ದಿ, ಹಾಗೆಯೇ ಬಿಟ್ಟು ಮನೆಗೆ ಹೋದರು. ಮಾರನೆಯ ದಿನ ಅವರಿಗೆ ರಜೆ, ತಡವಾಗಿ ಹುಟ್ಟಿದ ಮಗನ ಉಪನಯನ. ಬೆಳಿಗ್ಗೆ ಕಾರ್ಖಾನೆಯಿಂದ ಫೋನು ಬಂತು: ತೊಳೆಯುವ ಪುಡಿ ಬದಲಾಗಿದೆ, ಒಂದು ಲೀಟರಿಗೆ ಎಷ್ಟು ಅನ್ನುವುದನ್ನು ತಿದ್ದಿ ಹನ್ನೆರಡರೊಳಗೆ ಫ್ಯಾಕ್ಸ್ ಮಾಡಿ, ಹಾಲಿನ ಲಾರಿಗಳು ಗೇಟಿನಲ್ಲಿ ನಿಂತಿವೆ. ನಾನು ಹಾಳೆ ತೆರೆದರೆ ಯಜಮಾನರ ಹೆಸರಿನ ಬೀಗ. ಅವರ ಕಂಪ್ಯೂಟರ್ ಪಾಸ್‌ವರ್ಡ್ ಕೇಳುತ್ತಿದೆ. ಅವರ ಮೊಬೈಲಿಗೆ ಹದಿನಾಲ್ಕು ಸಲ ಮಾಡಿದೆ. ಅದು ಅವರ ಹೆಂಡತಿಯ ಕೈಚೀಲದಲ್ಲಿ, ಕೈಚೀಲ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಯಾರ ಸೊಂಟದಲ್ಲೋ.

ಆಟೋ ಹಿಡಿದು ಹೊಸಕೆರೆಹಳ್ಳಿಯ ಕಲ್ಯಾಣ ಮಂಟಪಕ್ಕೆ ಹೋದೆ. ಹನ್ನೊಂದು ಗಂಟೆ. ಆಗ ತಾನೇ ತಂದೆ, ತಾಯಿ, ವಟು ಮೂವರಿಗೂ ರೇಷ್ಮೆ ವಸ್ತ್ರ ಹೊದಿಸಿದ್ದರು. ಒಳಗೆ ತಂದೆ ಮಗನ ಕಿವಿಯಲ್ಲಿ ಮಂತ್ರ ಹೇಳುವ ಹೊತ್ತು. ಹೊರಗೆ ಇನ್ನೂರು ಜನ ಅಕ್ಷತೆ ಹಿಡಿದು ಮೌನವಾಗಿ ಕೂತಿದ್ದಾರೆ. ನಾನು ಕಂಬದ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದೆ. ಒಳಗೆ ಮಗನಿಗೆ ಒಂದೊಂದು ಪದವನ್ನೂ ಮೂರು ಮೂರು ಸಲ ಹೇಳಿಸುತ್ತಿದ್ದರು. ಬುದ್ಧಿವಂತ ಮಗು ಬೇಗ ಕಲಿಯಲಿ ದೇವರೇ ಅಂತ ನಾನು ಅವತ್ತು ಬೇಡಿಕೊಂಡಷ್ಟು ಅವನ ಅಜ್ಜಿಯೂ ಬೇಡಿಕೊಂಡಿರಲಿಕ್ಕಿಲ್ಲ.

ವಸ್ತ್ರ ತೆಗೆದ ತಕ್ಷಣ ಮುಂದೆ ಹೋಗಿ ವಿಷಯ ಹೇಳಿದೆ. ಮಣೆಯಿಂದ ಏಳುವ ಹಾಗಿಲ್ಲ ಅಂದರು ಪುರೋಹಿತರು. ಗಟ್ಟಿಯಾಗಿ ಹೇಳುವ ಹಾಗಿಲ್ಲ, ಸುತ್ತ ಅಷ್ಟು ಜನ. ಯಜಮಾನರು ಅತ್ತಿತ್ತ ನೋಡಿ, ಹೆಗಲ ಮೇಲಿದ್ದ ಅದೇ ವಸ್ತ್ರದ ತುದಿಯನ್ನು ನನ್ನ ತಲೆಯ ಮೇಲೆ ಎಳೆದು, ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದರು. ಸರಿಯಾಗಿ ಬಂತೋ ಇಲ್ಲವೋ ಅಂತ ನನ್ನಿಂದಲೂ ಒಂದು ಸಲ ಹೇಳಿಸಿದರು.

ಹನ್ನೆರಡಕ್ಕೆ ಆರು ನಿಮಿಷ ಇರುವಾಗ ಫ್ಯಾಕ್ಸ್ ಹೋಯಿತು. ಆದರೆ ಇವತ್ತಿಗೂ ನೆನಪಿರುವುದು, ನಾನು ಮಂಟಪದಿಂದ ಓಡುವಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗು ಹಿಡಿದು ನಿಲ್ಲಿಸಿದ್ದು. "ಯಾಕಮ್ಮಾ, ಈಗ ಹೆಂಗಸರಿಗೂ ಉಪದೇಶ ಕೊಡ್ತಾರಾ?"

"ಕೊಡ್ತಾರೆ ಅಜ್ಜಿ," ಅಂದೆ. "ಆರು ಅಕ್ಷರ, ಮೂರು ಅಂಕಿ."

ನಾಲ್ಕೂವರೆ

ಸಾಫ್ಟ್‌ವೇರ್ ಬಂದ ಮೇಲೆ ಕಾರ್ಖಾನೆಯವರು ತಪಾಸಣೆ ಶುರು ಮಾಡಿದರು. ಯಾರು ಯಾವಾಗ ಏನು ತಿದ್ದಿದರು ಅನ್ನುವುದೆಲ್ಲ ಅದರಲ್ಲಿ ಅಳಿಸಲಾಗದ ಹಾಗೆ ದಾಖಲಾಗುತ್ತದಲ್ಲ, ಅದನ್ನು ಬಂದು ನೋಡುತ್ತಾರೆ. ಮೂರು ತಪಾಸಣೆ. ಮೂರರಲ್ಲೂ ದೋಷ ಸಿಕ್ಕಿದರೆ ಕೆಲಸ ಬೇರೆಯವರ ಪಾಲು. ಮೂರಕ್ಕೂ ಬಂದದ್ದು ಒಬ್ಬರೇ ಅಧಿಕಾರಿ. ಉದ್ದ ಮುಖ, ಇಸ್ತ್ರಿ ಅಂಗಿ. ನಾವು ತರಿಸಿದ ಕೋಡುಬಳೆ ಮುಟ್ಟುವುದಿಲ್ಲ, ಬಿಸಿನೀರು ಮಾತ್ರ ಕುಡಿಯುತ್ತಾರೆ. ಏನೂ ತಿನ್ನದ ಮನುಷ್ಯನನ್ನು ಒಲಿಸಿಕೊಳ್ಳುವುದು ಹೇಗೆ?

ಮೊದಲ ಸಲ ಅವರು ಬಂದದ್ದು ಒಂದು ಮಂಗಳವಾರ. ಎರಡು ಗಂಟೆ ಪರದೆ ನೋಡಿದರು. ಆಮೇಲೆ ಕಾಗದದ ಮೇಲೆ ಒಂದು ಪಟ್ಟಿ ಎಳೆದರು. "ಸಾರ್, ನಿಮ್ಮ ಒಪ್ಪಿಗೆಗಳನ್ನ ನೋಡ್ತಿದೀನಿ. ಮಂಗಳವಾರ ಮೂರರಿಂದ ನಾಲ್ಕೂವರೆ ಒಂದೂ ಇಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಒಂದೂ ಇಲ್ಲ. ಬುಧವಾರ ಹನ್ನೆರಡರಿಂದ ಒಂದೂವರೆ. ಇಡೀ ವರ್ಷ ಹೀಗೇ. ನಾವು ಅರ್ಜೆಂಟ್ ಅಂದಿದ್ದೂ ಹೀಗೇ ನಿಂತಿದೆ. ಏನು ಕಾರಣ?"

ಯಜಮಾನರು ರಾಹುಕಾಲದಲ್ಲಿ ಗುಂಡಿ ಒತ್ತುವವರಲ್ಲ. ಅದು ನಮಗೆಲ್ಲ ಗೊತ್ತು. ಆದರೆ ಅದನ್ನು ಗಿರಾಕಿಗೆ ಹೇಳುವುದು ಹೇಗೆ? ಅವರು ಟವಲಿನಲ್ಲಿ ಕುತ್ತಿಗೆ ಒರೆಸಿಕೊಂಡು, "ಆ ಹೊತ್ತಲ್ಲಿ ತಪ್ಪಾಗೋ ಸಾಧ್ಯತೆ ಜಾಸ್ತಿ ಅಂತ..." ಅಂದರು.

"ಯಾವ ಆಧಾರದ ಮೇಲೆ?"

ಯಜಮಾನರು ಗೋಡೆಯ ಪಂಚಾಂಗದ ಕಡೆ ನೋಡಿದರು. ಅಧಿಕಾರಿಯೂ ನೋಡಿದರು. ವರದಿಯಲ್ಲಿ ಬರೆದರು: ತಾಂತ್ರಿಕ ಕಾರಣವಿಲ್ಲದೆ ವಿಳಂಬ, ದೋಷ ಒಂದು. ಮೂರರಲ್ಲಿ ಒಂದು ಹೋಯಿತು.

ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕೂತರು. ಸಹಿ ಹಾಕಲಿಲ್ಲ. ಐದು ನಿಮಿಷವಾಯಿತು. "ಸಾರ್, ಸಹಿ?" ಅಂದೆ.

ಅವರು ಕೈಗಡಿಯಾರ ನೋಡಿಕೊಂಡರು. "ಇರ್ಲಿ ಮೇಡಂ, ನಾಲ್ಕೂವರೆ ಆಗ್ಲಿ."

ಕಾರಣ

ಆ ನಡುವೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದಳು. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಕೋಣೆ, ತುಂಬಿದ ಬಸ್ಸು ಹಿಡಿದು ಬರುತ್ತಿದ್ದಳು. ಕೆಲಸದಲ್ಲಿ ಚುರುಕು. ತೊಂದರೆ ಒಂದೇ, ಅವಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಪ್ರತಿ ಸಣ್ಣ ತಿದ್ದುಪಡಿಗೂ ಸಾಫ್ಟ್‌ವೇರ್ 'ಕಾರಣ' ಅಂತ ಒಂದು ಖಾಲಿ ಜಾಗ ತೋರಿಸುತ್ತಿತ್ತು. ಅದನ್ನು ತುಂಬದಿದ್ದರೆ ಮುಂದೆ ಹೋಗುವುದಿಲ್ಲ. ನಾನು ಅದರಲ್ಲಿ 'ತಿದ್ದುಪಡಿ' ಅಂತಲೇ ಬರೆಯುತ್ತಿದ್ದೆ. ತಿದ್ದುಪಡಿಗೆ ಕಾರಣ ಏನು, ತಿದ್ದುಪಡಿ. ಎರಡನೆಯ ತಪಾಸಣೆಯ ಹಿಂದಿನ ದಿನ ಅವಳ ಕಾರಣಗಳನ್ನು ನೋಡಿ ನನಗೆ ತಲೆ ತಿರುಗಿತು. 'ಬಸ್ಸಿನ್ಯಾಗ ನಿಂತು ಬಂದು ಕಾಲು ನೋಯುತ್ತಿದ್ದವು, ಆ ಸಿಟ್ಟಿನಲ್ಲಿ ನಿನ್ನೆ ಎಡ ಅನ್ನುವಲ್ಲಿ ಬಲ ಅಂತ ಬರೆದಿದ್ದೆ, ಇವತ್ತು ಕುಂತು ಬಂದೆ, ಸರಿ ಮಾಡಿದೆ.' ಇನ್ನೊಂದು: 'ಮೇಡಂ ಬೈದರು. ಬೈದದ್ದು ಸರಿ ಇತ್ತು.' ಇನ್ನೂ ಒಂದು: 'ಮೇಡಂ ಬೈದರು. ಈ ಸಲ ತಪ್ಪು ಅವರದೇ.'

"ಏನೇ ಇದು? ನಾಳೆ ಅವರು ಇದನ್ನೆಲ್ಲ ಓದ್ತಾರೆ ಕಣೇ," ಅಂತ ಹಲ್ಲು ಕಡಿದೆ.

"ಅದು ಕಾರಣ ಕೇಳ್ತೈತಲ್ರೀ ಅಕ್ಕಾರ. ಕೇಳಿದ್ಮ್ಯಾಲೆ ಸುಳ್ಳ ಹೆಂಗ ಬರೀಲ್ರಿ?"

ಅಳಿಸಲು ಆಗುವುದಿಲ್ಲ. ಅವತ್ತು ಚಿಕ್ಕಲಸಂದ್ರದ ಮನೆಗೆ ಹೋಗಿ ನಾನು ಊಟ ಮಾಡಲಿಲ್ಲ. ನಲವತ್ತು ದಾಟಿದವಳಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ?

ಮಾರನೆಯ ದಿನ ಅಧಿಕಾರಿ ಎಲ್ಲವನ್ನೂ ಓದಿದರು. ಒಂದೊಂದನ್ನೂ ಓದಿ ಅವಳ ಕಡೆ ನೋಡುತ್ತಿದ್ದರು. ಆಮೇಲೆ ನನ್ನವನ್ನು ಓದಿದರು. ತಿದ್ದುಪಡಿ, ತಿದ್ದುಪಡಿ, ತಿದ್ದುಪಡಿ. ಕೊನೆಗೆ ವರದಿ ಬರೆದರು: ಹಿರಿಯ ಸಿಬ್ಬಂದಿ ಕಾರಣ ಬರೆಯುತ್ತಿಲ್ಲ, ದೋಷ ಎರಡು. ಹೋಗುವಾಗ ಬಾಗಿಲಲ್ಲಿ ನಿಂತು, "ಇವರ ಹತ್ರ ಸ್ವಲ್ಪ ಕಲೀರಿ ಮೇಡಂ," ಅಂದರು.

ಆ ಸಂಜೆ ಒಂದು ಹಾಳೆಯನ್ನು ಅರ್ಧಕ್ಕೆ ಬಿಟ್ಟು ಅವಳು ನನ್ನ ಪಕ್ಕ ಬಂದು ಕೂತು ಹೇಳಿಕೊಟ್ಟಳು. ಮಾರನೆಯ ದಿನ ನೋಡಿದರೆ ಆ ಹಾಳೆಗೆ ಕಾರಣ ಬರೆದಿದ್ದಳು: 'ನಿನ್ನೆ ಮುಗಿಯಲಿಲ್ಲ. ಮೇಡಂಗೆ ಕಲಿಸುವುದಿತ್ತು.'

ಐದು ನಿಮಿಷ, ಹತ್ತು ನಿಮಿಷ

ಉಳಿದದ್ದು ಒಂದೇ ತಪಾಸಣೆ. ಇದೂ ಹೋದರೆ ಶಟರ್ ಎಳೆಯುವುದೇ ಅಂತ ಯಜಮಾನರು ಹೇಳಿಬಿಟ್ಟಿದ್ದರು. ನಾವು ಎಲ್ಲವನ್ನೂ ನೆಟ್ಟಗೆ ಮಾಡಿದೆವು, ಒಂದು ಹಾಳೆಯನ್ನು ಬಿಟ್ಟು. ಅದು ಹಾಲಿನ ಪ್ಯಾಕೆಟ್ಟು ತುಂಬುವ ಯಂತ್ರದ್ದು. 'ಬೆಳಿಗ್ಗೆ ಸ್ವಿಚ್ಚು ಹಾಕಿದ ಮೇಲೆ ಸೀಲು ಹಾಕುವ ಪಟ್ಟಿ ಬಿಸಿಯಾಗಲು ಐದು ನಿಮಿಷ ಕಾಯಿರಿ' ಅನ್ನುವ ಸಾಲು. ಐದು ಅಂತ ಕಾರ್ಖಾನೆಯ ಎಂಜಿನಿಯರೇ ಕಾಗದ ಬರೆದಿದ್ದರು. ಯಜಮಾನರಿಗೆ ಐದು ಸಾಲದು ಅನ್ನಿಸಿತ್ತು. ಯಾವುದಕ್ಕೂ ಇರಲಿ ಅಂತ ಹತ್ತು ಮಾಡಿದರು, ಸಣ್ಣ ತಿದ್ದುಪಡಿ. ಅವರ ಮುಖಕ್ಕೆ ಎದುರಾಡಿ ನನಗೆ ಅಭ್ಯಾಸವಿಲ್ಲ. "ಹೂಂ ಸಾರ್" ಅಂದು, ಅವರು ಮನೆಗೆ ಹೋದ ಮೇಲೆ ಐದು ಮಾಡಿದೆ, ಸಣ್ಣ ತಿದ್ದುಪಡಿ. ಅವರೂ ನನಗೆ ಏನೂ ಅನ್ನಲಿಲ್ಲ, ಒಂದು ವಾರ ಬಿಟ್ಟು ಸದ್ದಿಲ್ಲದೆ ಹತ್ತು ಮಾಡಿದರು. ಎರಡನೆಯ ತಪಾಸಣೆ ಆದಾಗಿನಿಂದ ಹೀಗೆ ವರ್ಷವಿಡೀ ನಡೆದಿತ್ತು, ತಿದ್ದಿದ ಹಾಳೆ ಪ್ರತಿ ಸಲವೂ ಮಾರನೆಯ ಬೆಳಿಗ್ಗೆ ಕಾರ್ಖಾನೆಗೆ ಹೋಗುತ್ತಿತ್ತು. ಎದುರಾಬದುರು ಕೂತು ಕಾಫಿ ಕುಡಿಯುತ್ತಿದ್ದೆವು, ಆ ಮಾತು ಮಾತ್ರ ಒಬ್ಬರೂ ಎತ್ತುತ್ತಿರಲಿಲ್ಲ.

ಅಧಿಕಾರಿ ಮೊದಲು ತೆರೆದದ್ದೇ ಅದನ್ನು. ಆಫೀಸಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಅಧಿಕಾರಿ ಗಟ್ಟಿಯಾಗಿ ಓದತೊಡಗಿದರು.

"ಐದು ಹತ್ತಾಗಿದೆ. ಕಾರಣ: ಸುರಕ್ಷತೆ. ಹತ್ತು ಐದಾಗಿದೆ. ಕಾರಣ: ಎಂಜಿನಿಯರ್ ಅವರ ಕಾಗದದಂತೆ. ಐದು ಹತ್ತಾಗಿದೆ. ಕಾರಣ: ಎಂಜಿನಿಯರ್ ಚಿಕ್ಕ ವಯಸ್ಸಿನವರು."

ಯಜಮಾನರು ನೆಲ ನೋಡುತ್ತಿದ್ದರು.

"ಹತ್ತು ಐದಾಗಿದೆ. ಕಾರಣ: ಚಿಕ್ಕವರಾದರೂ ಓದಿದವರು. ಐದು ಹತ್ತಾಗಿದೆ. ಕಾರಣ: ನಾನೂ ಓದಿದ್ದೇನೆ. ಹತ್ತು ಐದಾಗಿದೆ. ಕಾರಣ: ಗೊತ್ತು ಸಾರ್."

ಗೋಡೆಯ ಕಡೆಯಿಂದ ಯಾರೋ ಕೆಮ್ಮಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕಾರಣ ಬರೆಯುವುದನ್ನು ಕಲಿಯಿರಿ ಅಂದವರು ಈ ಅಧಿಕಾರಿಯೇ, ಆದರೆ ಅದನ್ನು ಈಗ ಹೇಳುವ ಹಾಗಿರಲಿಲ್ಲ. ಓದುವುದು ಮುಗಿಯಲು ಕಾಲು ಗಂಟೆ ಹಿಡಿಯಿತು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ, ಈ ಕ್ಷಣ, ನಮ್ಮ ಗೋಡೆ ಮೇಲೆ ಎಷ್ಟು ಅಂತಿದೆ?"

"ಹತ್ತು," ಅಂದರು ಯಜಮಾನರು.

"ಐದು," ಅಂದೆ ನಾನು. ಅವರ ಮುಖಕ್ಕೆ ನಾನು ಎದುರಾಡಿದ್ದು ಅದೇ ಮೊದಲು.

ಹುಬ್ಬಳ್ಳಿಯ ಹುಡುಗಿ ಕೈ ಎತ್ತಿದಳು. "ಏಳೂವರಿ ಐತ್ರಿ ಸರ್. ನಿನ್ನೆ ನಾನ ಮಾಡೇನಿ."

"ಕಾರಣ?"

"ಇಬ್ಬರೂ ದೊಡ್ಡಾವ್ರರೀ. ಯಾರನ್ನ ತಪ್ಪು ಅನ್ಲಿ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, 'ದೋಷ ಮೂರು' ಅಂತ ಬರೆದರು. ನಾನು ಕಣ್ಣಾರೆ ನೋಡಿದೆ. ಹನ್ನೆರಡು ವರ್ಷ ಕೂತ ಕುರ್ಚಿಯ ಕೈಯನ್ನು ಹಿಡಿದುಕೊಂಡೆ. ದೋಷದ ಮುಂದೆ ಸರಿಯಾದ ಅಂಕಿ ಬರೆಯಬೇಕಿತ್ತು, ಹಾಗಾಗಿ ಅವರು ನಮ್ಮ ಮೇಜಿನ ಫೋನಿನಿಂದ ಕಾರ್ಖಾನೆಯ ಎಂಜಿನಿಯರಿಗೆ ಕರೆ ಮಾಡಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಗುಂಡಿ ಒತ್ತಿದರು.

"ಆ ಪಟ್ಟಿ ಬಿಸಿಯಾಗೋಕೆ ಎಷ್ಟು ನಿಮಿಷ ಬೇಕ್ರೀ?"

"ಅರ್ಧ ನಿಮಿಷ ಸಾಕು ಸಾರ್," ಅಂದಿತು ಫೋನು. "ಹೊಸ ಹೀಟರ್ ಹಾಕಿ ಒಂದು ವರ್ಷದ ಮೇಲಾಯ್ತಲ್ಲ."

ಅಧಿಕಾರಿ ಫೋನಿನ ಕಡೆ ಬಗ್ಗಿದರು. "ಇಲ್ಲಿ ಇವರಿಗೆ ತಿಳಿಸಿದ್ರಾ?"

"ಅದು... ಇಲ್ಲ ಸಾರ್. ಮರ್ತೇಹೋಯ್ತು."

ತಪ್ಪು ಅವರ ಕಾರ್ಖಾನೆಯದೇ. ಅಧಿಕಾರಿ 'ದೋಷ ಮೂರು' ಅನ್ನುವುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ಚಿಕ್ಕದಾಗಿ ಸಹಿ ಹಾಕಿದರು. ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತರು. ನನಗೆ ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ಗೊತ್ತಾಗಲಿಲ್ಲ, ಎರಡಕ್ಕೂ ಆಗಲಿ ಅಂತ ಸೆರಗು ಬಾಯಿಗೆ ಇಟ್ಟುಕೊಂಡೆ.

"ಸರಿ, ಈಗಲೇ ಅರ್ಧ ನಿಮಿಷ ಅಂತ ತಿದ್ದಿಸ್ತೀನಿ," ಅಂದರು ಅಧಿಕಾರಿ.

"ಅಯ್ಯೋ ಬೇಡಿ ಸಾರ್, ದಯವಿಟ್ಟು ಮುಟ್ಟಬೇಡಿ," ಅಂತ ಫೋನು ಅಂಗಲಾಚಿತು. "ಕಾಯೋ ಹೊತ್ತಲ್ಲೇ ಸಾರ್ ಮೆಷಿನ್ ಮೇಲಿನೋರೆಲ್ಲ ಟೀ ಕುಡಿಯೋದು. ಹತ್ತು ನಿಮಿಷ ಅಂತ ಹಾಳೆ ಬಂದ್ರೆ ಟೀ ಜೊತೆ ಬನ್ನು. ಐದು ಬಂದ್ರೆ ಬರೀ ಟೀ. ಇವತ್ತು ಬೆಳಿಗ್ಗೆ ಏಳೂವರೆ ಅಂತ ಬಂದಿದೆ, ಅರ್ಧ ಬನ್ನು ಕೈಯಲ್ಲಿ ಹಿಡ್ಕೊಂಡು ಮೆಷಿನ್ ಹತ್ರ ಹೋಗಿದಾರೆ. ಒಂದು ವರ್ಷದಿಂದ ನನ್ನ ಪ್ರಾಣ ತಿಂತಿದಾರೆ ಸಾರ್. ಜಯನಗರದಲ್ಲಿ ಕೂತ್ಕೊಂಡು ನಮ್ಮ ಬನ್ನಿಗೆ ಕೈ ಹಾಕ್ತಿರೋರು ಯಾರು, ಹೆಸರು ಕೊಡಿ, ಹತ್ತು ಜನ ಬಂದು ಮಾತಾಡಿಸ್ತೀವಿ ಅಂತಾರೆ. ಅಲ್ಲೇ ಇದೀರಲ್ಲ, ದಾಖಲೆ ನೋಡಿ ಹೆಸರು ಹೇಳ್ಬಿಡಿ ಸಾರ್."

ಆಫೀಸಿನವರೆಲ್ಲ ನನ್ನ ಕಡೆ ತಿರುಗಿದರು, ಆಗುವಂತಿದ್ದರೆ ನಾನೂ ತಿರುಗುತ್ತಿದ್ದೆ. ಅಧಿಕಾರಿ ಕನ್ನಡಕ ಹಾಕಿಕೊಂಡು, ಐದು ನಿಮಿಷದ ಪ್ರತಿ ಸಾಲಿನ ಪಕ್ಕದಲ್ಲೂ ಇದ್ದ ನನ್ನ ಹೆಸರನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೊದಲ ಸಲ ತಟ್ಟೆಗೆ ಕೈ ಹಾಕಿ ಒಂದು ಕೋಡುಬಳೆ ಎತ್ತಿಕೊಂಡರು.

"ಹತ್ತೇ ಇರ್ಲಿ," ಅಂದರು ಫೋನಿಗೆ. "ಹೆಸರು ಮಾತ್ರ ದಾಖಲೆಯಲ್ಲಿ ಎಲ್ಲೂ ಕಾಣಿಸ್ತಿಲ್ಲಪ್ಪ."